ನಾಲ್ಕಡಿಯವರೆಗೆ

"ಮೂಲೆ!" ಎಂದು ಮುಂದಿದ್ದವನು ಕೂಗಿದ.

"ಕಂಡೆ!" ಎಂದ ಹಿಂದಿದ್ದವನು.

ಖಾಲಿ ಪೆಟ್ಟಿಗೆ ಬೀದಿಬಾಗಿಲು ದಾಟಿ, ಹಜಾರದಲ್ಲಿ ವಾರೆಯಾಗಿ ತಿರುಗಿ, ಒಳಕೋಣೆಗೆ ಬಂತು. ಹೊತ್ತಿದ್ದ ನಾಲ್ವರೂ ಗಾರೆ ಕೆಲಸದವರು. ತೊಲೆಯಾಗಲಿ, ಕಿಟಕಿಯ ಚೌಕಟ್ಟಾಗಲಿ, ಉದ್ದದ್ದೇನನ್ನೇ ಹೊತ್ತು ಒಳಗೆ ಬರುವಾಗ ಮುಂದಿನವನು ಮೂಲೆ ಅನ್ನಬೇಕು, ಹಿಂದಿನವನು ಕಂಡೆ ಅನ್ನಬೇಕು. ಇಲ್ಲದಿದ್ದರೆ ಹೊಸ ಗೋಡೆಯ ಅಂಚು ಹಾರಿಹೋಗುತ್ತದೆ, ಮೇಸ್ತ್ರಿ ಮೂರು ತಲೆಮಾರು ಹಿಡಿದು ಬೈಯುತ್ತಾನೆ. ಬಾಯಿಚಟಕ್ಕೆ ಕೂಗಿಬಿಟ್ಟಿದ್ದರು. ಬೈಯಬೇಕಾದ ಮೇಸ್ತ್ರಿ ಒಗೆದ ಅಂಗಿ ತೊಟ್ಟು ಮಂಚದ ಮೇಲೆ ಮಲಗಿರುವುದನ್ನು ಕಂಡ ಮೇಲೆ ನಾಲ್ವರೂ ನಾಲಿಗೆ ಕಚ್ಚಿಕೊಂಡರು.

ಮೇಸ್ತ್ರಿಯ ಹೆಂಡತಿ ತಲೆದಿಂಬಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದಳು. ನಿನ್ನೆ ಬೆಳಿಗ್ಗೆ ಚಹಾದ ಲೋಟ ಹಿಡಿದು "ಸಕ್ಕರೆ ಹಾಕೋದು ಮರೆತಿದ್ದೀಯ ನೋಡು" ಎಂದವನು, ಆಕೆ ಸಕ್ಕರೆ ಡಬ್ಬಿ ತರುವಷ್ಟರಲ್ಲಿ ಗೋಡೆಗೆ ಒರಗಿ ಹೋಗಿಬಿಟ್ಟಿದ್ದ. ಅರವತ್ತೇಳು ವರ್ಷ. ಹೇಳಲಿಲ್ಲ, ಕೇಳಲಿಲ್ಲ. ಆಗಿನಿಂದ ಆಕೆಯ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಬಂದವರೆಲ್ಲ "ಅತ್ತುಬಿಡಿ, ಹಗುರಾಗುತ್ತೆ" ಅನ್ನುತ್ತಿದ್ದರು. ಹಗುರಾಗುವುದೆಂದರೇ ಆಕೆಗೆ ಭಯವಾಗುತ್ತಿತ್ತು.

ಪೆಟ್ಟಿಗೆಯ ಹಿಂಬದಿ ಹಿಡಿದಿದ್ದವನು ಮೇಸ್ತ್ರಿಯ ನಲವತ್ತು ವರ್ಷದ ಜೊತೆಗಾರ. ಬರಿಗಣ್ಣಿನಲ್ಲೇ ನೆಲದ ಏರುತಗ್ಗು ಹೇಳುತ್ತಿದ್ದನಾದ್ದರಿಂದ ಅವನಿಗೆ ರಸಮಟ್ಟ ಎಂದೇ ಹೆಸರು ಬಿದ್ದಿತ್ತು. ಅವನು ನಡೆಯುವುದು ಮಾತ್ರ ಒಂದು ಕಡೆಗೆ ವಾಲಿಕೊಂಡು. ಪೆಟ್ಟಿಗೆ ಇಳಿಸಿ ಬೆವರು ಒರೆಸಿಕೊಂಡು ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅತ್ತಿಗೇ, ಮೂರು ಗಂಟೆಗೆ ಎತ್ತೋಣ ಅಂತ. ಮಣ್ಣು ಮಾಡೋ ಜಾಗದಲ್ಲಿ ಯಾರಾದ್ರೂ ನಾಲ್ಕು ಮಾತಾಡ್ಬೇಕಲ್ಲ, ನೀನೇ ಆಡು ಅಂತ ನನಗೆ ಹೇಳ್ತಿದಾರೆ ಎಲ್ಲ."

"ಏನಂತ ಆಡ್ತೀಯಪ್ಪ?"

"ಇದ್ದದ್ದು ಇದ್ದ ಹಾಗೆ. ಒಂದು ಮೂಲೆ ಚೂಪು ಮಾಡಿ ತನ್ನ ಕೈಯಾರೆ ಮಗನ್ನ ಕಳ್ಕೊಂಡ, ಅದಕ್ಕೆ ಮೂವತ್ತೆರಡು ವರ್ಷ ಮೂಲೆ ಮೊಂಡು ಮಾಡಿ ಊರ ಮಕ್ಕಳನ್ನೆಲ್ಲ ಕಾದ ಅಂತ. ಮೊಂಡು ಮೇಸ್ತ್ರಿ, ಮೊಂಡು ಮೇಸ್ತ್ರಿ ಅಂತ ನಕ್ಕೋರಿಗೂ ಗೊತ್ತಾಗ್ಲಿ."

ಕೈಯಾರೆ.

"ಆ ಮಾತು ಬೇಡ."

"ಯಾಕತ್ತಿಗೆ? ಅಣ್ಣನೇ ನನ್ನ ಹತ್ರ ಸಾವಿರ ಸಲ ಹೇಳ್ಕೊಂಡಿದಾನೆ. ನಾನೇನು ಹೊಸದು ಹೇಳ್ತಿಲ್ಲ."

ಯಾಕೆ ಬೇಡ ಎನ್ನುವುದು ಲೋಕದಲ್ಲಿ ಆಕೆಯೊಬ್ಬಳಿಗೇ ಗೊತ್ತಿತ್ತು. ಮಗ ಸುಮ್ಮನೆ ಓಡಿ ಬಂದು ಅಪ್ಪನ ಮೂಲೆಗೆ ಬಡಿದುಕೊಂಡಿರಲಿಲ್ಲ. ಅಮ್ಮ ಒರೆಸಿದ ಒದ್ದೆ ನೆಲದ ಮೇಲೆ ಜಾರಿ ಬಡಿದುಕೊಂಡಿದ್ದ. ಈ ಒಂದು ಮಾತನ್ನು ಆಕೆ ಗಂಡನಿಗೆ ಹೇಳಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಮೂವತ್ತೆರಡು ವರ್ಷ ಸಾಗಹಾಕಿದ್ದಳು. ಈಗ ಮೂರು ಗಂಟೆಯೊಳಗೆ ಬಾಯಿ ಬಿಡದಿದ್ದರೆ, ಆ ಬಡಪಾಯಿ ಗಂಡ, ಮಗನನ್ನು ಕೊಂದವನೆಂಬ ಹೆಸರು ಹೊತ್ತೇ ಮಣ್ಣಿಗೆ ಹೋಗುತ್ತಾನೆ. ಹಜಾರದ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

*

ಆಗ ಆತನ ಹೆಸರು ಮೊಂಡು ಮೇಸ್ತ್ರಿಯಲ್ಲ, ಮೂಲೆ ಮೇಸ್ತ್ರಿ.

ಗೋಡೆಯ ಬಯಲನ್ನು ಬೇರೆಯವರು ಗಾರೆ ಮಾಡಿ, ಅಂಚುಗಳನ್ನು ಹಾಗೇ ಬಿಟ್ಟು ಕಾಯುತ್ತಿದ್ದರು. ಈತ ಸೈಕಲ್ಲಿನಲ್ಲಿ ಬಂದು, ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಕರಣೆ ಎತ್ತುತ್ತಿದ್ದ. ಸಂಜೆಯ ಹೊತ್ತಿಗೆ ನೆಲದಿಂದ ಸೂರಿನವರೆಗೆ ಒಂದೇ ಒಂದು ಗೆರೆ, ಕಾಗದ ಮಡಚಿದ ಹಾಗೆ. ಅದರ ಮೇಲೆ ಹೆಬ್ಬೆರಳು ಎಳೆದು, ಉಗುರಿಗೆ ತಡೆ ಸಿಕ್ಕರೆ ಕಿತ್ತು ಮತ್ತೆ ಮಾಡುತ್ತಿದ್ದ. ಅಷ್ಟು ಕೊಬ್ಬಿತ್ತು ಕೆಲಸದಲ್ಲಿ.

ಮದುವೆಯಾದ ಹೊಸದರಲ್ಲಿ ಆಕೆಯನ್ನು ಕಟ್ಟುತ್ತಿದ್ದ ಮನೆಯೊಂದಕ್ಕೆ ಕರೆದುಕೊಂಡು ಹೋಗಿದ್ದ. ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ಯುತ್ತಾರೆ. ಈ ಮಹಾರಾಯ ಮೂಲೆ ತೋರಿಸಲು ಕರೆದೊಯ್ದಿದ್ದ.

"ಒಂಟಿ ಗೋಡೆ ನಿಲ್ಲಲ್ಲ ಕಣೇ," ಎಂದಿದ್ದ. "ಎಷ್ಟೇ ದಪ್ಪ ಕಟ್ಟು, ಜೋರು ಗಾಳಿ ಬಂದ್ರೆ ಮಲಗುತ್ತೆ. ಇನ್ನೊಂದು ಗೋಡೆ ಬಂದು ಕೈ ಹಿಡಿದಾಗಲೇ ಅದಕ್ಕೆ ಧೈರ್ಯ. ಹಿಡಿದ ಜಾಗಕ್ಕೆ ಮೂಲೆ ಅಂತೀವಿ."

"ಹಿಡಿದ ಕೈ ಇಷ್ಟು ಚೂಪಾಗಿರ್ಬೇಕಾ?" ಎಂದು ಆಕೆ ಬೆರಳು ತೋರಿಸಿದ್ದಳು. ಅಂಚು ಮುಟ್ಟಿ ನೋಡಲು ಹೋಗಿ ತರಚಿಕೊಂಡಿತ್ತು. ಆತ ಹೆಮ್ಮೆಯಿಂದ ಬೀಗಿಹೋದ. ಆಮೇಲೆ ಪಾಪ ಅನ್ನಿಸಿ ಬೆರಳನ್ನು ಊದಿದ.

ತಮ್ಮ ಮನೆಯನ್ನು ಭಾನುವಾರಗಳಲ್ಲಿ ಕಟ್ಟಿಕೊಂಡರು. ಆಕೆ ಇಟ್ಟಿಗೆಗೆ ನೀರು ಹಾಕುತ್ತಿದ್ದಳು, ಆತ ಕಟ್ಟುತ್ತಿದ್ದ. ಹಜಾರದಿಂದ ಒಳಕೋಣೆಗೆ ತಿರುಗುವಲ್ಲಿ ಗೋಡೆಯ ಹೊರಮೂಲೆಯೊಂದು ಮುಂದಕ್ಕೆ ಚಾಚಿಕೊಂಡಿತ್ತು. ಅದಕ್ಕೊಂದಕ್ಕೇ ಎರಡು ಭಾನುವಾರ ಹಿಡಿಯಿತು. ಕಂಟ್ರಾಕ್ಟರುಗಳು ಹೊಸ ಕೆಲಸಗಾರರನ್ನು ಕರೆತಂದು ತೋರಿಸುವಂಥ ಮೂಲೆ ಅದು.

*

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಬಂದವರು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಂದು ಒಂದು ಗಳಿಗೆ ನಿಂತು, ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಕೆಳದನಿಯಲ್ಲಿ ಹರಟುತ್ತಿದ್ದರು. ಸತ್ತವರ ಮನೆಯಲ್ಲೂ ಸುಣ್ಣಬಣ್ಣದ ಮಾತು ಬಿಡದ ಜನ.

"ನಾನೂ ಕಮ್ಮಿ ಆಡ್ಕೊಂಡಿಲ್ಲ ಬಿಡಿ," ಎಂದು ಹಳೆಯ ಕಂಟ್ರಾಕ್ಟರೊಬ್ಬ ಶುರುಮಾಡಿದ. "ನಾಲ್ಕಡಿವರೆಗೆ ಬಾಳೆಹಣ್ಣು, ಅದರ ಮೇಲೆ ಚಾಕು, ಏನಯ್ಯಾ ಇದು ನಿನ್ನ ಮೂಲೆ ಅಂತ ಕೇಳಿದ್ದೆ. ಪೈಪಿನ ತುಂಡು ಸೀಳಿ ಇಟ್ಕೊಂಡಿದ್ದ, ಹಸಿ ಗಾರೆ ಮೇಲೆ ಎಳೆದು ಎಳೆದು ಅಂಚು ಗುಂಡಗೆ ಮಾಡೋನು. ಮನೆಯವರು ಬಂದು, ಹೊಸಾ ಮನೆ ಸವೆದ ಸೋಪಿನ ಹಾಗಿದೆಯಲ್ರೀ ಅಂತ ನನ್ನ ಮೇಲೆ ರೇಗಿದ್ರು. ಚೂಪು ಮಾಡು, ಇಲ್ಲಾ ನಡಿ ಅಂದೆ. ಕರಣೆ ತೊಳ್ಕೊಂಡ, ಚೀಲ ಹೆಗಲಿಗೆ ಹಾಕ್ಕೊಂಡ, ಹೋದ. ಒಂದು ಮಾತಾಡ್ಲಿಲ್ಲ."

"ಯಾಕೆ ಅಂತ ಹೇಳ್ಬಾರದಿತ್ತಾ?" ಎಂದರು ಯಾರೋ.

"ಹೇಳಿದ್ರೆ ನಾನು ಕಳಿಸ್ತಿದ್ನಾ? ಮಗನ ವಿಷಯ ನನಗೆ ಆಮೇಲೆ ಗೊತ್ತಾಗಿದ್ದು. ನಾಲ್ಕೇ ಅಡಿ ಯಾಕೋ ಅಂದದ್ದಕ್ಕೆ, ಮಕ್ಕಳು ಅದಕ್ಕಿಂತ ಎತ್ತರ ಆದ್ಮೇಲೆ ನೋಡ್ಕೊಂಡು ನಡೀತಾರೆ ಸಾರ್ ಅಂದ. ಅಷ್ಟೇ." ಕಂಟ್ರಾಕ್ಟರ ಬೆಂಚಿನಿಂದ ಎದ್ದು ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡ.

ಒಳಗೆ ಆಕೆಗೆ ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ದೊಡ್ಡ ಕಟ್ಟಡದ ಕೆಲಸಗಳೆಲ್ಲ ಹೀಗೇ ಕೈಬಿಟ್ಟವು. ಕಡೆಗೆ ಶಾಲೆಯ ಕಂಬಗಳು, ಸಣ್ಣಪುಟ್ಟ ಮನೆಗಳು, ಬಿರುಕು ಮುಚ್ಚುವ ಕೆಲಸ. ಊರಿಗೇ ಮಾದರಿಯಾಗಿದ್ದವನು ತಾನಾಗಿಯೇ ಮೂಲೆಗುಂಪಾಗಿದ್ದ. ಸಂಜೆ ಬಂದು "ಇವತ್ತೂ ಕಳಿಸಿಬಿಟ್ರು" ಎನ್ನುವಾಗ ಆಕೆ ಅನ್ನ ಬಡಿಸುತ್ತಿದ್ದಳು. ಹೇಳಿಬಿಡಲೇ ಎಂದು ಬಾಯಿ ತೆರೆದು, "ಇನ್ನೊಂಚೂರು ಹಾಕ್ಲಾ?" ಎಂದು ಕೇಳುತ್ತಿದ್ದಳು.

ಐದು ವರ್ಷದ ಹುಡುಗಿಯ ಕೈ ಹಿಡಿದು ಒಬ್ಬ ಹೆಂಗಸು ಒಳಗೆ ಬಂದಳು. ಯಾವಾಗಲೋ ಮೇಸ್ತ್ರಿ ಗಾರೆ ಮಾಡಿದ್ದ ಮನೆಯವಳು.

"ಹೋದ ವಾರ ಇವಳು ಓಡಿ ಬಂದು ಬಾಗಿಲ ಹತ್ತಿರ ಗೋಡೆಗೆ ಗುದ್ದಿಕೊಂಡ್ಲು ಅಮ್ಮಾ. ನನ್ನ ಜೀವ ಬಾಯಿಗೆ ಬಂದಿತ್ತು. ನೋಡಿದ್ರೆ ಒಂದು ಬುಗುಟು, ಅಷ್ಟೇ. ನಿಮ್ಮ ಯಜಮಾನ್ರು ದೇವರಂಥೋರು."

ಹುಡುಗಿ ಹಣೆ ಮುಂದೆ ಮಾಡಿ ಬುಗುಟು ತೋರಿಸಿತು. ಆಕೆ ಅದನ್ನು ಮೆಲ್ಲಗೆ ಸವರಿದಳು. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೇ ಅಲ್ಲವೇ ಈ ಮಗು ಉಳಿದದ್ದು ಎಂಬ ಯೋಚನೆ ಬಂತು. ಬಂದದ್ದೇ ತಡ, ತನ್ನ ಮೇಲೆ ತನಗೇ ಹೇಸಿಗೆಯಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಮಗಳು ಒಂದು ಲೋಟ ನೀರು ತಂದು ಪಕ್ಕದಲ್ಲಿ ಕೂತಳು. ಮಗ ಹೋಗಿ ಎರಡು ವರ್ಷಕ್ಕೆ ಹುಟ್ಟಿದವಳು. ಈಗ ಎಂಜಿನಿಯರೊಬ್ಬರ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದಳು. ಅಪ್ಪ ಮಗಳಿಗೆ ದಿನಾ ಜಗಳ. ನಕ್ಷೆಯಲ್ಲಿ ಎರಡು ಗೆರೆ ಕೂಡಿದರೆ ಮೂಲೆ, ಗುಂಡಗೆ ಮಾಡಿದರೆ ಸಾಹೇಬರು ಬೈತಾರೆ ಎಂದು ಅವಳು. ನಿನ್ನ ಕಾಗದದ ಮೂಲೆಗೆ ಯಾರ ತಲೆಯೂ ತಾಗಲ್ಲ ಬಿಡಮ್ಮ ಎಂದು ಆತ.

"ನೀರು ಕುಡಿ ಅಮ್ಮ. ನಿನ್ನೆಯಿಂದ ಏನೂ ಇಲ್ಲ."

ಆಕೆ ಒಂದು ಗುಟುಕು ಕುಡಿದಳು.

"ಬೆಳಿಗ್ಗೆ ಅಪ್ಪನ ಕೈ ಒರೆಸ್ತಾ ಇದ್ದೆ," ಎಂದಳು ಮಗಳು. "ಎಷ್ಟು ಒರಟು ಕೈ ಅಂತ ಇವತ್ತೇ ಗೊತ್ತಾಗಿದ್ದು. ಚಿಕ್ಕವಳಿದ್ದಾಗ ಒಂದು ದಿನವೂ ನನ್ನನ್ನ ಎತ್ಕೊಳ್ಳಲಿಲ್ಲ ಅಲ್ವಾ ಅಪ್ಪ? ನಾನೇ ಹೋಗಿ ಕಾಲಿಗೆ ಜೋತುಬೀಳ್ತಿದ್ದೆ. ನನ್ನ ಕೈ ಒಳ್ಳೇದಲ್ಲ ಪುಟ್ಟೀ, ಅಮ್ಮನ ಹತ್ರ ಹೋಗು ಅನ್ನೋರು." ನಗಲು ನೋಡಿದಳು, ಆಗಲಿಲ್ಲ. ತಲೆಯನ್ನು ಅಮ್ಮನ ಮಂಡಿಗೆ ಒತ್ತಿ ಬಿಕ್ಕಿದಳು.

ಆಕೆ ಮಗಳ ಬೆನ್ನು ಸವರುತ್ತಾ ಕೂತಳು. ಎರಡು ಗಂಟೆ ಹೊಡೆಯಿತು.

*

ಅವತ್ತು ಆಕೆ ಹಜಾರದ ನೆಲ ಒರೆಸುತ್ತಿದ್ದಳು. ಸಂಜೆ ನಾಲ್ಕೂವರೆ ಇರಬಹುದು. ಬಕೆಟ್ಟಿನ ನೀರಿಗೆ ಸೋಪಿನ ಪುಡಿ ಒಂದು ಹಿಡಿ ಜಾಸ್ತಿಯೇ ಬಿದ್ದಿತ್ತು. ಮಗ ಒಳಕೋಣೆಯ ಮಂಚದ ಮೇಲೆ ಮರದ ಚೂರುಗಳನ್ನು ಪೇರಿಸುತ್ತಾ ಕೂತಿದ್ದ. ನಾಲ್ಕು ವರ್ಷ, ಹೇಳಿದ ಮಾತು ಕೇಳುವ ಹುಡುಗ. "ನೆಲ ಒದ್ದೆ ಇದೆ, ಇಳಿಬೇಡ" ಎಂದಿದ್ದಳು. "ಹ್ಞೂಂ" ಎಂದಿದ್ದ.

ಆಮೇಲೆ ಪುಟ್ಟ ಪಾದಗಳು ಓಡಿ ಬಂದ ಸದ್ದು. ತಿರುವಿನಲ್ಲಿ ಜಾರಿದ ಸದ್ದು. ಇನ್ನೊಂದು ಸದ್ದು.

ಹಣೆಯ ಪಕ್ಕದಲ್ಲಿ ಒಂದೇ ಒಂದು ಗೆರೆ, ಅಷ್ಟೇನೂ ರಕ್ತವಿಲ್ಲ. ಎತ್ತಿಕೊಂಡು ಕಿರುಚಿದಳು. ಆ ಹೊತ್ತಿಗೇ ಗಂಡ ಬಾಗಿಲಲ್ಲಿದ್ದ. ಏನು, ಎತ್ತ ಎಂದು ಕೇಳಲಿಲ್ಲ. ಚೀಲ ಎಸೆದು ಒಳಗೆ ನುಗ್ಗಿ, ಮಗುವನ್ನು ಆಕೆಯ ತೋಳಿನಿಂದ ಕಿತ್ತುಕೊಂಡು ಆಸ್ಪತ್ರೆಯ ಕಡೆಗೆ ಓಡಿದ. ಪಕ್ಕದ ಮನೆಯವರೂ ಅವನ ಹಿಂದೆ ಓಡಿದರು.

ಆಕೆಯೂ ಓಡಬೇಕಿತ್ತು. ಓಡಲು ತಿರುಗಿದವಳ ಕಣ್ಣಿಗೆ ಒದ್ದೆ ನೆಲ ಬಿತ್ತು. ನಡುವೆ ಗಂಡನ ಎರಡು ಹೆಜ್ಜೆ, ಸಿಮೆಂಟಿನ ಬೂದು ಹಿಡಿದ ಅಂಗಾಲು, ಅಚ್ಚೊತ್ತಿದ ಹಾಗೆ. ಆಕೆ ಒಣಬಟ್ಟೆ ತಂದು ಮಂಡಿಯೂರಿ ನೆಲ ಒಣಗಿಸಿದಳು. ಆ ಹೆಜ್ಜೆಗಳನ್ನೂ ಒರೆಸಿದಳು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ರಾತ್ರಿ ತನ್ನನ್ನೇ ಕೇಳಿಕೊಂಡಿದ್ದಾಳೆ. ಯೋಚಿಸಿ ಮಾಡಿದ್ದಲ್ಲ. ಕೈಗೆ ಗೊತ್ತಿದ್ದ ಕೆಲಸ ಅದೊಂದೇ ಆಗಿತ್ತು, ಕೈ ಮಾಡಿತು.

ಮಾರನೆಯ ದಿನ ಎಲ್ಲ ಮುಗಿದ ಮೇಲೆ ಗಂಡ ಆ ಮೂಲೆಯ ಮುಂದೆ ನಿಂತ. ಹೆಬ್ಬೆರಳನ್ನು ಮೇಲಿನಿಂದ ಕೆಳಕ್ಕೆ ಎಳೆದ. ಎಲ್ಲೂ ತಡೆ ಸಿಗಲಿಲ್ಲ.

"ನಾನೇ ಮಾಡಿದ್ದು ಕಣೇ," ಎಂದ. "ಎರಡು ಭಾನುವಾರ ಕೂತು ಮಾಡಿದ್ದು."

ಆಕೆ ಆಗ ಹೇಳಬಹುದಿತ್ತು. ಹೇಳಿದರೆ ಇವನೂ ನನ್ನನ್ನು ಬಿಟ್ಟು ಹೋಗುತ್ತಾನೆ, ಮಗನ ಜೊತೆ ಗಂಡನೂ ಹೋಗುತ್ತಾನೆ ಎಂದು ಹೆದರಿ ಸುಮ್ಮನಿದ್ದಳು. ಆತ ಸುತ್ತಿಗೆ ತಂದು ಅಂಚನ್ನು ಒಡೆಯತೊಡಗಿದ. ಒಡೆಯುತ್ತಾ ಒಡೆಯುತ್ತಾ ದೊಡ್ಡ ದನಿಯಲ್ಲಿ ಅತ್ತ. ಆಕೆ ಪಕ್ಕದಲ್ಲಿ ನಿಂತು ಉದುರಿದ ಗಾರೆಯನ್ನು ಗುಡಿಸಿದಳು.

*

ಮೂರಕ್ಕೆ ಹತ್ತು ನಿಮಿಷವಿರುವಾಗ ಮೇಸ್ತ್ರಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ನಾಲ್ವರೂ ನಾಲ್ಕು ಕಡೆ ನಿಂತರು. ರಸಮಟ್ಟ "ಎತ್ರಪ್ಪಾ" ಎನ್ನಲು ಬಾಯಿ ತೆರೆದ.

"ತಾಳಿ," ಎಂದಳು ಆಕೆ.

ಮಗಳು ಓಡಿ ಬಂದು ತೋಳು ಹಿಡಿದಳು. ಕೊನೆಯ ಸಲ ಮುಖ ನೋಡಬೇಕೇನೋ ಎಂದು ಜನ ದಾರಿ ಬಿಟ್ಟರು. ಆಕೆ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಇದ್ದಲ್ಲಿಂದಲೇ ಮಾತಾಡಿದಳು.

"ಅಲ್ಲಿ ಹೋಗಿ ಅವರ ಮೂಲೆಯಿಂದ ಮಗ ಸತ್ತ ಅಂತ ಹೇಳ್ಬೇಡ. ನೆಲ ಒದ್ದೆ ಇತ್ತು. ನಾನು ಒರೆಸ್ತಾ ಇದ್ದೆ. ಮಗು ಜಾರಿದ."

"ಅತ್ತಿಗೇ, ಬಿಡಿ ಈಗ..." ಎಂದ ರಸಮಟ್ಟ. ಸಂಕಟದಲ್ಲಿ ಬಡಬಡಿಸುತ್ತಿದ್ದಾಳೆ ಎಂದುಕೊಂಡಿದ್ದ.

"ದಿನಾ ಓಡ್ತಿದ್ದ ಅಲ್ಲಿ. ಒಂದು ದಿನಾನೂ ತಾಗಿರಲಿಲ್ಲ. ಇವರು ಆಸ್ಪತ್ರೆಗೆ ಓಡಿದ್ರು, ನಾನು ಒಣಬಟ್ಟೆ ತಗೊಂಡು ನೆಲ ಒರೆಸಿದೆ. ಯಾರಿಗೂ ಗೊತ್ತಾಗ್ಬಾರದು ಅಂತ. ಇವರಿಗೂ ಹೇಳ್ಲಿಲ್ಲ. ಇವತ್ತಿನವರೆಗೂ ಹೇಳ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಕಂಟ್ರಾಕ್ಟರ ತಲೆ ತಗ್ಗಿಸಿದ.

"ಅಣ್ಣನಿಗೆ ಗೊತ್ತಿತ್ತಾ?" ಎಂದು ರಸಮಟ್ಟ ಕೇಳಿದ.

"ಇಲ್ಲ."

"ಅಂಚು ಚೂಪಿದ್ದದ್ದೂ ನಿಜವೇ ಅತ್ತಿಗೆ, ಅದಿರ್ಲಿ. ಆದ್ರೆ ಒಂದು ಮಾತು..." ಅವನು ಪೆಟ್ಟಿಗೆಯ ಅಂಚು ಹಿಡಿದುಕೊಂಡ. "ಒಂದೇ ಒಂದು ಮಾತು ಹೇಳಿದ್ರೆ ಅವನು ಅರ್ಧ ಭಾರ ಇಳಿಸಿ ನಿಮ್ಮ ಜೊತೆ ಕೂತು ಅಳ್ತಿದ್ದ. ಅಷ್ಟೇ ಮಾಡ್ತಿದ್ದ. ನಿಮಗೆ ನಿಮ್ಮ ಗಂಡ ಗೊತ್ತಿರ್ಲಿಲ್ವಾ?"

ಆಕೆಯ ತೋಳಿನ ಮೇಲಿದ್ದ ಮಗಳ ಕೈ ಸಡಿಲಾಯಿತು. ಕೊಸರಿಕೊಳ್ಳಲಿಲ್ಲ, ದೂಡಲಿಲ್ಲ, ಒಂದೊಂದೇ ಬೆರಳು ಬಿಟ್ಟುಹೋಯಿತು. ಮಗಳು ಹೋಗಿ ಪೆಟ್ಟಿಗೆಯ ಮುಂದಿದ್ದವನನ್ನು "ನೀವು ಬಿಡಿ" ಎಂದು ಸರಿಸಿ, ತಾನು ಹೆಗಲು ಕೊಟ್ಟಳು.

ಎತ್ತಿದರು. ತಿರುವಿಗೆ ಬಂದಾಗ ಮುಂದಿದ್ದವಳು ಏನೂ ಕೂಗಲಿಲ್ಲ. ಹಿಂದಿದ್ದವನೂ ಉತ್ತರ ಕೊಡಲಿಲ್ಲ. ಹೆಂಗಸರಲ್ಲಿ ಒಬ್ಬಿಬ್ಬರು ಆಕೆಯ ಹತ್ತಿರ ಕೂರಲೋ ಬೇಡವೋ ಎಂದು ನೋಡಿ, ಕಡೆಗೆ ಮೆರವಣಿಗೆಯ ಹಿಂದೆ ಹೊರಟರು. ಮನೆ ಖಾಲಿಯಾದ ಮೇಲೆ ಆಕೆಗೆ ಅಳು ಬಂತು. ಗೋಳೋ ಎಂದು ಅತ್ತಳು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಹಗುರವೇನೂ ಆಗಲಿಲ್ಲ.

*

ಮಗಳು ಐದು ಗಂಟೆಗೆ ಬಂದಳು. ಚಪ್ಪಲಿಯಲ್ಲಿ ಮಣ್ಣು ಮೆತ್ತಿತ್ತು. ಒಳಗೆ ಬರದೆ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತಳು. ಆಕೆ ಬಂದು ಅವಳ ಹಿಂದೆ, ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತಳು.

"ರಸಮಟ್ಟ ಚಿಕ್ಕಪ್ಪ ಏನಾದ್ರೂ ಮಾತಾಡಿದ್ನಾ?"

"ಇಲ್ಲ. ಯಾರೂ ಮಾತಾಡ್ಲಿಲ್ಲ."

ಬೀದಿಯಲ್ಲಿ ಒಬ್ಬ ಸೈಕಲ್ಲು ತಳ್ಳಿಕೊಂಡು ಹೋದ.

"ಕೈ ಒಳ್ಳೇದಲ್ಲ ಅಂತಿದ್ರು ಅಮ್ಮ," ಎಂದಳು ಮಗಳು. ತಿರುಗಿ ನೋಡಲಿಲ್ಲ. "ನಾನು ಅದನ್ನ ನಂಬಿದ್ದೆ. ಅಪ್ಪನ ಕೈಯಲ್ಲಿ ಏನೋ ಕೆಟ್ಟದ್ದಿದೆ ಅಂತ ಚಿಕ್ಕವಳಿದ್ದಾಗ ನಿಜವಾಗ್ಲೂ ನಂಬಿದ್ದೆ. ನೀನು ಅಲ್ಲೇ ಅಡುಗೆಮನೇಲಿ ಇರ್ತಿದ್ದೆ, ಕೇಳಿಸ್ಕೊಳ್ತಾ."

"ಹೌದಮ್ಮ. ಕೇಳಿಸ್ಕೊಳ್ತಿದ್ದೆ."

ಕ್ಷಮೆ ಕೇಳುವ ಮುಖ ಆಕೆಗಿರಲಿಲ್ಲ. ಮಗಳು ಚಪ್ಪಲಿಯ ಮಣ್ಣನ್ನು ನೆಲಕ್ಕೆ ಉಜ್ಜುತ್ತಾ ಮತ್ತೆ ಕೇಳಿದಳು.

"ನೆಲ ಒದ್ದೆ ಇದೆ, ಬರಬೇಡ ಅಂತ ಹೇಳಿರ್ಲಿಲ್ವಾ ಅವನಿಗೆ?"

"ಹೇಳಿದ್ದೆ."

"ಹೇಳಿದ ಮಾತು ಕೇಳ್ತಿದ್ದ ಅಂತ ಯಾವಾಗ್ಲೂ ಹೇಳ್ತಿದ್ದೆಯಲ್ಲ. ಮತ್ತೆ ಯಾಕೆ ಓಡಿ ಬಂದ?"

ಆಗ ಮಗಳು ಮೊದಲ ಸಲ ತಿರುಗಿ ನೋಡಿದಳು. ಅಮ್ಮ ಬೀದಿಯ ಕಡೆಯ ಕಿಟಕಿಯನ್ನು ನೋಡುತ್ತಿದ್ದಳು.

"ನಾನೇ ಕರೆದೆ," ಎಂದಳು ಆಕೆ. "ಕಿಟಕಿಯ ಹತ್ರ ಬಟ್ಟೆ ಹಿಂಡ್ತಾ ನಿಂತಿದ್ದೆ. ನಿಮ್ಮಪ್ಪ ಎಂದೂ ಅಷ್ಟು ಬೇಗ ಬರ್ತಿರ್ಲಿಲ್ಲ. ಅವತ್ತು ಬೀದಿಯ ಕೊನೇಲಿ ಕಾಣಿಸ್ಕೊಂಡ್ರು. ನನಗೆ ಖುಷಿಯಾಗಿಬಿಡ್ತು. ನೆಲ ಒದ್ದೆ ಇರೋದು ಮರೆತೇಹೋಯ್ತು. ಅಪ್ಪ ಬಂದ್ರು, ಓಡಿ ಬಾ ಅಂದೆ."

ಅವತ್ತು ಬೀದಿಯಲ್ಲಿ ಆತ ಚೀಲವನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿಕೊಂಡು ಬರುತ್ತಿದ್ದ. ಕಿಟಕಿಯಲ್ಲಿ ಹೆಂಡತಿಯನ್ನು ಕಂಡು ನಕ್ಕ. ಆಮೇಲೆ ದೃಷ್ಟಿಯನ್ನು ಆಕೆಯ ಮುಖದಿಂದ ಕೆಳಕ್ಕೆ, ಕಿಟಕಿಯ ಕೆಳಗಿನ ಅಂಚಿಗೆ ಇಳಿಸಿ, ಮಗನ ತಲೆ ಇಣುಕುವ ಜಾಗವನ್ನೇ ನೋಡುತ್ತಾ, ಈಗ ಬರುತ್ತಾನೆ ಎಂದು ಮೊದಲೇ ಕೈ ಎತ್ತಿ ಬೀಸತೊಡಗಿದ.